ಹಾಜರು, ಗೈರು ಮತ್ತು ಇಲ್ಲದ ಕಾಲಂ

ದಲಿತ ವಿಮರ್ಶೆಯ ಈ ಸಂಚಿಕೆಗೆ ಬರೆಯಬೇಕೆಂದು ಗೆಳೆಯರು ಕೇಳಿದಾಗ ನಾನು ಯಾವುದಾದರೂ ಕತೆಯನ್ನೋ ಆತ್ಮಕಥನವನ್ನೋ ಕುರಿತು ಬರೆಯುತ್ತೇನೆಂದು ಅವರು ಎಣಿಸಿರಬೇಕು. ನನಗೂ ಸಲೀಸಾದ ದಾರಿ ಅದೇ. ಎಂ.ಎ.ಯಲ್ಲಿ ಕಲಿತದ್ದು ಅದನ್ನು, ಈಗ ರಾಯಚೂರಿನಲ್ಲಿ ಹುಡುಗರ ಮುಂದೆ ನಿಂತು ಹೇಳುವುದೂ ಅದನ್ನೇ. ಆದರೆ 2025ರ ಬೇಸಿಗೆಯಲ್ಲಿ ದೇವದುರ್ಗ ತಾಲ್ಲೂಕಿನ ನಮ್ಮೂರಿಗೆ ಹೋದಾಗ ನನ್ನ ಸಣ್ಣವ್ವ ಒಂದು ಕಾಗದ ತಂದು ಮುಂದಿಟ್ಟಳು. 'ಮಂದಿ ಮಕ್ಕಳಿಗೆ ಓದಾಕ ಕಲಿಸ್ತೀಯಲ್ಲ ತಮ್ಮಾ, ಇದನ್ನೊಂಚೂರು ಓದಿ ಹೇಳು. ನಾ ಇದರಾಗ ಎಲ್ಲಿ ಅದೀನಿ?' ಅಂದಳು. ಅದು ಉದ್ಯೋಗ ಖಾತ್ರಿಯ ಎನ್ನೆಮ್ಮಾರ್, ಅಂದರೆ ಹಾಜರಿ ಪಟ್ಟಿ. ಆಕೆ ಆರು ದಿನ ಬದು ಹಾಕುವ ಕೆಲಸಕ್ಕೆ ಹೋಗಿದ್ದಳು. ಪಟ್ಟಿಯಲ್ಲಿ ನಾಲ್ಕು ದಿನ ಹಾಜರು, ಎರಡು ದಿನ ಗೈರು.

ಓದುವುದೇನೋ ಓದಿದೆ. ಓದಿದ ಮೇಲೆ ಆಕೆಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹದಿನೈದು ವರ್ಷ ಅಕ್ಷರದ ಜೊತೆ ಹೆಣಗಿದವನಿಗೆ ಒಂದು ಪುಟದ ಪಠ್ಯ ಅರ್ಥವಾಗಲಿಲ್ಲ ಎಂದರೆ ತೊಂದರೆ ಪಠ್ಯದ್ದೋ, ಓದುವ ಕ್ರಮದ್ದೋ? ಈ ಬರಹ ಹುಟ್ಟಿದ್ದು ಈ ಅನುಮಾನದಿಂದ.

ಮೊದಲು ಆ ಎರಡು ದಿನಗಳ ಕತೆ. ಕೆಲಸದ ಜಾಗದಲ್ಲಿ ಕಾಯಕ ಬಂಧುವಿನ ಕೈಯಲ್ಲಿ ಒಂದು ಮೊಬೈಲು ಇರುತ್ತದೆ. ಅದರಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪ್. ದಿನಕ್ಕೆ ಎರಡು ಸಲ, ಹೊತ್ತು ಮತ್ತು ಜಾಗದ ಗುರುತು ಬೀಳುವ ಹಾಗೆ, ಕೂಲಿಕಾರರನ್ನು ನಿಲ್ಲಿಸಿ ಫೋಟೋ ಹೊಡೆದು ಕಳಿಸಬೇಕು. 2021ರಲ್ಲಿ ಪ್ರಯೋಗವೆಂದು ಬಂದದ್ದು, 2022ರ ಮೇ ತಿಂಗಳಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕಡ್ಡಾಯವಾಯಿತು; 2023ರ ಜನವರಿ 1ರಿಂದ ಎಲ್ಲ ಕಡೆಗೂ. ನಮ್ಮೂರ ಕೆಲಸ ನಡೆದದ್ದು ಗುಡ್ಡದ ಮರೆಯಲ್ಲಿ. ಒಂದು ದಿನ ಎರಡನೆಯ ಫೋಟೋ ಹೋಗಲೇ ಇಲ್ಲ. ಇನ್ನೊಂದು ದಿನ ಹೋಯಿತು, ಆದರೆ ಆ ಗಳಿಗೆಯಲ್ಲಿ ಸಣ್ಣವ್ವ ಕೊಡ ಹಿಡಿದು ನೀರಿಗೆ ಹೋಗಿದ್ದಳು. ಎಲ್ಲರಿಗೂ ನೀರು ತರುವ ಪಾಳಿ ಅವತ್ತು ಆಕೆಯದು. ಮುವ್ವತ್ತು ಮಂದಿಗೆ ನೀರು ಕುಡಿಸಿದವಳು ಆ ದಿನದ ದಾಖಲೆಯಲ್ಲಿ ಊರಲ್ಲೇ ಇಲ್ಲ.

ಯಾರು ಗೈರು ಬರೆದವರು ಎಂದು ನಾನು ಕೇಳುತ್ತ ಹೋದೆ. ಕಾಯಕ ಬಂಧು, 'ನಾ ಬರಿಯಂಗಿಲ್ಲಣ್ಣ, ಅದ ಬರಕೊಂತೈತಿ' ಅಂದ. ಪಂಚಾಯತಿಯಲ್ಲಿ ಕೇಳಿದರೆ ಸರ್ವರ್ ಅಂದರು. ತಾಲ್ಲೂಕಿನಲ್ಲಿ ಕೇಳಿದರೆ ಅದು ದಿಲ್ಲಿಯ ಸಾಫ್ಟ್‌ವೇರು, ನಮ್ಮ ಕೈಯಲ್ಲಿಲ್ಲ ಅಂದರು. ನಾವು ಓದುವಾಗ ಕರ್ತೃ ಸತ್ತ ಎಂಬ ಪಾಶ್ಚಾತ್ಯ ವಿಚಾರವನ್ನು ನಮ್ಮ ಮೇಷ್ಟ್ರು ಬಹಳ ಕಷ್ಟಪಟ್ಟು ಬಿಡಿಸಿ ಹೇಳಿದ್ದರು. ಅದು ದೇವದುರ್ಗದಾಗ ಇಷ್ಟು ಖರೆ ಆಗಿರ್ತೈತಿ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ. ಮೊದಲಿನ ಹಾಜರಿ ಪುಸ್ತಕಕ್ಕೆ ಒಬ್ಬ ಬರೆಯುವವನಿದ್ದ. ಅವನು ಗೌಡರ ಮನೆಯವನೋ, ಗುತ್ತಿಗೆದಾರನ ಭಾವಮೈದುನನೋ, ಯಾರೇ ಆಗಿರಲಿ, ಅವನ ಜಾತಿ ಗೊತ್ತಿತ್ತು, ಅವನ ಮನೆ ಗೊತ್ತಿತ್ತು. ಬೈಯುವುದಕ್ಕೆ ಒಂದು ಮುಖವಿತ್ತು. ಜಗಳಕ್ಕೆ ನಿಲ್ಲಬಹುದಿತ್ತು. ಈಗಿನ ಪಠ್ಯಕ್ಕೆ ಬರೆದವನಿಲ್ಲ, ಆದರೆ ಅದು ಬರೆದದ್ದನ್ನು ಅಳಿಸುವವನೂ ಇಲ್ಲ. ಮೇಲಿನ ಅಧಿಕಾರಿಯ ಒಪ್ಪಿಗೆಯಿಂದ ಕೈಯಾರೆ ಹಾಜರಿ ಸೇರಿಸುವ ದಾರಿ ನಿಯಮದಲ್ಲೇನೋ ಇದೆ. ಆ ದಾರಿ ನಮ್ಮ ಕೇರಿಯಿಂದ ಶುರುವಾಗುವುದಿಲ್ಲ, ಅಷ್ಟೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮೋಸ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೋಸ ಇದೆ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ರಾಜ್ಯಗಳಿಗೆ ಬರೆದು, ಈ ಆ್ಯಪಿನಲ್ಲಿ ಸಂಬಂಧವಿಲ್ಲದ ಚಿತ್ರಗಳನ್ನು ಹಾಕುವುದು, ಫೋಟೋದ ಫೋಟೋ ತೆಗೆದು ಕಳಿಸುವುದು ಇಂಥವನ್ನೆಲ್ಲ ಪಟ್ಟಿ ಮಾಡಿತು. ಫೋಟೋದ ಫೋಟೋ ತೆಗೆಯುವ ಬುದ್ಧಿ ಸಣ್ಣವ್ವನದಲ್ಲ; ಅದಕ್ಕೆ ಫೋನು, ಪಂಚಾಯತಿಯಲ್ಲಿ ಗುರುತು, ಗುತ್ತಿಗೆಯ ನಂಟು ಎಲ್ಲ ಬೇಕು. ಅಂದರೆ ಯಂತ್ರ ಬಂದದ್ದು ಯಾರ ಕಳ್ಳತನ ಹಿಡಿಯಲಿಕ್ಕೋ ಅವರು ಅದರ ಜೊತೆ ಬದುಕಲು ಕಲಿತರು. ಬಿಸಿಲಲ್ಲಿ ನಿಂತು ತನ್ನ ಮೈಯನ್ನೇ ಸಾಕ್ಷಿಯಾಗಿ ಕೊಡಬೇಕಾಗಿ ಬಂದದ್ದು ಕಳ್ಳತನ ಮಾಡದವಳಿಗೆ.

ಇದನ್ನು ಹೇಳುವಾಗ ನನಗೆ ದೇವನೂರ ಮಹಾದೇವ ಅವರ 'ಒಡಲಾಳ' ನೆನಪಾಗುತ್ತದೆ. ಸಾಹುಕಾರನ ಕಡಲೆಕಾಯಿ ಕಳುವಾದದ್ದಕ್ಕೆ ಪೊಲೀಸರು ಸಾಕವ್ವನ ಮನೆಗೆ ಬರುತ್ತಾರೆ. ಈ ಕಥನವನ್ನು ನಾವು ಹಸಿವಿನ ಕಾವ್ಯವೆಂದು, ಭಾಷೆಯ ಸೊಗಸೆಂದು ಬೇಕಾದಷ್ಟು ಬರೆದಿದ್ದೇವೆ. ಒಂದು ಸಂಗತಿಯನ್ನು ಮಾತ್ರ ಮೆಲ್ಲಗೆ ದಾಟಿಕೊಂಡು ಬಂದಿದ್ದೇವೆ: ಪೊಲೀಸರ ಅನುಮಾನ ಸರಿಯಾಗಿಯೇ ಇತ್ತು. ಆ ಮನೆಯವರು ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸಿದ್ದು ನಿಜ. ಬರೀ ತಪ್ಪು ಒಪ್ಪು ಎಣಿಸುವ ಒಬ್ಬ ಆಡಿಟರ್‌ನನ್ನು ಕರೆದು ತಂದರೆ ಅವನು ಆ ಪೊಲೀಸರಿಗೆ ನೂರಕ್ಕೆ ನೂರು ಅಂಕ ಕೊಟ್ಟು ಹೋಗುತ್ತಾನೆ. ಕತೆ ಕೇಳುವ ಪ್ರಶ್ನೆಯೇ ಬೇರೆ. ಅನುಮಾನ ಯಾವ ಮನೆಯ ಬಾಗಿಲಿಗೆ ಬರುತ್ತದೆ, ಯಾವ ಮನೆಯ ಬಾಗಿಲಿಗೆ ಎಂದೂ ಹೋಗುವುದಿಲ್ಲ ಎಂಬುದು ಅದರ ಪ್ರಶ್ನೆ. ಸಾಹುಕಾರನ ಉಗ್ರಾಣಕ್ಕೆ ಆ ಕಡಲೆಕಾಯಿ ಹೇಗೆ ಬಂದು ಸೇರಿತು ಎಂದು ಪಂಚರ ಮುಂದೆ ಯಾರೂ ಬರೆದುಕೊಳ್ಳುವುದಿಲ್ಲ. ಯಂತ್ರದ ಪಕ್ಷಪಾತವನ್ನು ಕುರಿತು ಇವತ್ತು ಲೋಕದಲ್ಲಿ ನಡೆಯುತ್ತಿರುವ ಚರ್ಚೆಗೆ ಕನ್ನಡದ ದಲಿತ ಸಾಹಿತ್ಯ ಕೊಡಬಹುದಾದದ್ದು ಇದೇ ಎಂದು ನನ್ನ ತಿಳುವಳಿಕೆ. ಆ ಚರ್ಚೆ ಬಹುಪಾಲು ಎಷ್ಟು ಸಲ ತಪ್ಪಿತು ಎಂಬ ಲೆಕ್ಕದಲ್ಲೇ ಮುಗಿದುಹೋಗುತ್ತಿದೆ.

ಆ ಚರ್ಚೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನೂ ನೋಡಬೇಕು. 2018ರಲ್ಲಿ ಜಾಯ್ ಬುವೊಲಮ್ವೀನಿ ಮತ್ತು ಟಿಮ್ನಿಟ್ ಗೆಬ್ರೂ ಎಂಬ ಇಬ್ಬರು ಕಪ್ಪು ಮಹಿಳೆಯರು ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದರು. ಮುಖ ನೋಡಿ ಗಂಡು ಹೆಣ್ಣು ಹೇಳುವ ಯಂತ್ರಗಳು ಬಿಳಿ ಗಂಡಸರ ವಿಷಯದಲ್ಲಿ ನೂರಕ್ಕೆ ಒಂದರಷ್ಟೂ ತಪ್ಪುವುದಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ ನೂರಕ್ಕೆ ಮುವ್ವತ್ತನಾಲ್ಕರವರೆಗೂ ತಪ್ಪುತ್ತವೆ ಎಂದು ತೋರಿಸಿದರು. ಅವರಿಗೆ ಈ ಪ್ರಶ್ನೆ ಹೊಳೆದದ್ದು ಪುಸ್ತಕದಿಂದಲ್ಲ. ಬುವೊಲಮ್ವೀನಿಯ ಮುಖವನ್ನು ಯಂತ್ರ ಗುರುತಿಸಲೇ ಇಲ್ಲ. ಆಕೆ ಬಿಳಿ ಮುಖವಾಡ ಹಾಕಿಕೊಂಡಾಗ ಗುರುತಿಸಿತು. ಅನುಭವವನ್ನು ಪ್ರಮಾಣವೆಂದು ಒಪ್ಪಬೇಕೇ ಬೇಡವೇ ಎಂದು ನಮ್ಮಲ್ಲಿ ದಲಿತ ಸಾಹಿತ್ಯದ ಬಗ್ಗೆ ಎಷ್ಟೊಂದು ಗುದ್ದಾಟ ನಡೆಯಿತು! ಅಲ್ಲಿ ಆ ಅನುಭವವೇ ಪ್ರಯೋಗಶಾಲೆಯ ಬಾಗಿಲು ತೆರೆಯಿತು.

ನ್ಯೂಯಾರ್ಕ್ ನಗರ ಸಭೆ 2021ರಲ್ಲಿ 144ನೇ ಸ್ಥಳೀಯ ಕಾನೂನು ಮಾಡಿತು. ಕೆಲಸಕ್ಕೆ ಜನರನ್ನು ಆರಿಸಲು ಯಂತ್ರ ಬಳಸುವ ಮಾಲೀಕರು ವರ್ಷಕ್ಕೊಮ್ಮೆ ಹೊರಗಿನವರಿಂದ ಅದರ ಪಕ್ಷಪಾತವನ್ನು ಆಡಿಟ್ ಮಾಡಿಸಬೇಕು, ಫಲಿತಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು, ಅಭ್ಯರ್ಥಿಗೆ ಮೊದಲೇ ತಿಳಿಸಬೇಕು. 2023ರ ಜುಲೈನಿಂದ ಜಾರಿಯಾಯಿತು. ಒಂದು ಊರಿನ ಸ್ಥಳೀಯ ಸರ್ಕಾರ ಯಂತ್ರಕ್ಕೆ ಲೆಕ್ಕ ಕೇಳಿದ್ದು ಸಣ್ಣ ಮಾತಲ್ಲ. ಆದರೆ ಸಂಶೋಧಕರು 391 ಮಾಲೀಕರನ್ನು ಹುಡುಕಿ ನೋಡಿದಾಗ ಆಡಿಟ್ ವರದಿ ಹಾಕಿದ್ದವರು 18 ಜನ. ತನ್ನ ಯಂತ್ರ ಕಾನೂನಿನ ಕಕ್ಷೆಗೆ ಬರುತ್ತದೋ ಇಲ್ಲವೋ ಎಂದು ನಿರ್ಧರಿಸುವವನು ಮಾಲೀಕನೇ! ಇನ್ನೊಂದು ಕೊರತೆ ನಮಗೆ ಹೆಚ್ಚು ಮುಖ್ಯ. ಅಲ್ಲಿ ಲೆಕ್ಕ ಹಾಕುವುದು ಲಿಂಗ ಮತ್ತು ಜನಾಂಗದ ಮೇಲೆ. ಜಾತಿ ಎಂಬ ಕಾಲಂ ಇಲ್ಲ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಆದರೆ ಅದು ಯಂತ್ರದ ಆಡಿಟ್ಟಲ್ಲ. ಎರಡೂ ಕೂಡಿದ ಕಾನೂನು ನನಗೆ ತಿಳಿದಂತೆ ಯಾವ ಊರಲ್ಲೂ ಇಲ್ಲ.

ನಮ್ಮ ವಿಚಿತ್ರವೆಂದರೆ, ನಮ್ಮಲ್ಲಿ ಜಾತಿಯ ಕಾಲಂ ಇದೆ. ಖಾತ್ರಿಯ ಕಂಪ್ಯೂಟರಿನಲ್ಲಿ ಪ್ರತಿ ಜಾಬ್ ಕಾರ್ಡಿನ ಎದುರಿಗೂ ಎಸ್.ಸಿ., ಎಸ್.ಟಿ., ಇತರೆ ಎಂದು ಇರುತ್ತದೆ. ಅದನ್ನು ಯಾತಕ್ಕೆ ಬಳಸಿದರು? 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಕೂಲಿಯನ್ನು ಈ ಮೂರು ಜಾತಿ ಪಂಗಡಗಳಾಗಿ ಒಡೆದು ಬೇರೆ ಬೇರೆ ಬಟವಾಡೆ ಮಾಡಿರೆಂದು ರಾಜ್ಯಗಳಿಗೆ ಸೂಚನೆ ಕೊಟ್ಟಿತು. ಒಂದೇ ಕೆರೆಯಲ್ಲಿ, ಒಂದೇ ಸಾಲಿನಲ್ಲಿ ನಿಂತು ಹೂಳೆತ್ತಿದವರಿಗೆ ಪಗಾರ ಬೇರೆ ಬೇರೆ ದಿನ ಬಂತು. 'ನಿಮ್ಮವು ಬಂದ್ವಂತ, ನಮ್ಮವು ಯಾಕ ಬಂದಿಲ್ಲ' ಎಂಬ ಮಾತು ಬಾವಿಕಟ್ಟೆಗೆ ಬಂತು. ದೇಶದ ತುಂಬ ಗಲಾಟೆಯಾಗಿ ಆ ವರ್ಷದ ಕೊನೆಯ ಹೊತ್ತಿಗೆ ಅದನ್ನು ಹಿಂತೆಗೆದುಕೊಂಡರು. ಅದೇ ಕಾಲಂ ಇಟ್ಟುಕೊಂಡು ಯಾರ ಫೋಟೋ ಹೆಚ್ಚು ತಿರಸ್ಕಾರವಾಗುತ್ತದೆ, ಯಾರ ಕೆಲಸದ ಜಾಗಕ್ಕೆ ಸಿಗ್ನಲ್ ಇರುವುದಿಲ್ಲ, ಯಾರ ಜಾಬ್ ಕಾರ್ಡು ಮೊದಲು ಅಳಿಯುತ್ತದೆ ಎಂದು ಪಂಚಾಯತಿವಾರು ಲೆಕ್ಕ ಹಾಕಬಹುದಿತ್ತು. ದುಡ್ಡು ಒಡೆಯುವಾಗ ಕಾಣುವ ಜಾತಿ ತಪ್ಪು ಎಣಿಸುವಾಗ ಕಾಣುವುದಿಲ್ಲ.

ರಾಯಚೂರು ನಗರದಲ್ಲಿ ಇನ್ನೊಂದು ಬಗೆಯದನ್ನು ಕಂಡೆ. 2025ರ ಮೇ 5ರಿಂದ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಗಣತಿ ನಡೆಯಿತಲ್ಲ, ಒಳಮೀಸಲಾತಿಗಾಗಿ, ಮೊಬೈಲ್ ಆ್ಯಪಿನಲ್ಲಿ. ನಾನು ಬಾಡಿಗೆಗಿರುವ ಓಣಿಗೆ ಬಂದ ಗಣತಿಯ ಟೀಚರಮ್ಮ ಫೋನಿನಲ್ಲಿ 101 ಜಾತಿಗಳ ಪಟ್ಟಿ ತೆರೆದು ನಿಂತರೆ, ಪಕ್ಕದ ಮನೆಯ ಮುದುಕ 'ನಮ್ಮಪ್ಪನ ಸರ್ಟಿಫಿಕೇಟಿನ್ಯಾಗ ಆದಿ ಕರ್ನಾಟಕ ಐತ್ರಿ, ಅದನ್ನ ಬರೀರಿ' ಎಂದು ಪಟ್ಟು ಹಿಡಿದ. ಆಕೆ ಮೂಲ ಜಾತಿ ಹೇಳ್ರಿ ಅನ್ನುವುದು, ಇವನು ಮೂಲ ಅಂದ್ರ ಇದ ಅನ್ನುವುದು. ಕೊನೆಗೆ ಅವನ ಮಗ ಹೊರಗೆ ಬಂದು ದನಿ ತಗ್ಗಿಸಿ ಹೇಳಿದ. ದನಿ ತಗ್ಗಿಸಿದ್ದನ್ನು ಆ್ಯಪ್ ಬರೆದುಕೊಳ್ಳುವುದಿಲ್ಲ. ರಾಜ್ಯದಲ್ಲಿ ನಾಲ್ಕೂ ಮುಕ್ಕಾಲು ಲಕ್ಷದಷ್ಟು ಜನ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಹೇಳಿ ನಿಂತರು. ಆಗಸ್ಟಿನಲ್ಲಿ ವರದಿ ಬಂತು, ಆಯೋಗದ ಐದು ಗುಂಪುಗಳನ್ನು ಸಂಪುಟ ಮೂರು ಮಾಡಿ 6, 6, 5 ಎಂದು ಹಂಚಿತು. ಒಳಮೀಸಲಾತಿ ನ್ಯಾಯವಾದದ್ದು, ಎಣಿಕೆಯಿಲ್ಲದೆ ಅದು ಆಗುತ್ತಲೂ ಇರಲಿಲ್ಲ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಎಣಿಕೆ ಎಂದರೇನೇ ಶೋಷಣೆ ಎನ್ನುವ ನಮ್ಮ ಕೆಲವು ಗೆಳೆಯರ ವಾದ ನನಗೆ ಒಪ್ಪಿಗೆಯಿಲ್ಲ. ಎಣಿಸದೆ ಇದ್ದದ್ದರಿಂದಲೇ ನಮ್ಮಲ್ಲಿ ಕೆಲವರು ಎಷ್ಟೋ ವರ್ಷ ಕಾಣದೆ ಉಳಿದರು.

ಹೀಗೆ ಹೇಳುವಾಗ ನನ್ನ ವಾದದ ಎದುರಿಗೆ ನನ್ನ ತಂದೆಯೇ ನಿಲ್ಲುತ್ತಾರೆ. 'ನೀ ಕಂಪ್ಯೂಟರ್ ಬೈತಿ. ನಾವು ಪಗಾರಕ್ಕ ಗೌಡರ ಕಟ್ಟಿ ಕೆಳಗ ಹೊತ್ತು ಮುಳಗೂತನ ಕುಂತಿದ್ವಿ. ಮ್ಯಾಲಿಂದ ರೊಕ್ಕ ಒಗಿತಿದ್ರು, ಆರಿಸಿಕೋಬೇಕಿತ್ತು. ಈಗ ಬ್ಯಾಂಕಿಗೆ ಬರ್ತಾವು' ಎನ್ನುತ್ತಾರೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಹಳ್ಳಿಯ ಬಾಯಿಮಾತಿಗಿಂತ ಬರೆದಿಟ್ಟ ಕಾನೂನನ್ನು ಅಂಬೇಡ್ಕರ್ ನಂಬಿದ್ದರು. ಮುಖ ನೋಡಿ ಮಣೆ ಹಾಕುವ ಊರಿಗಿಂತ ಮುಖ ನೋಡದ ಯಂತ್ರ ವಾಸಿ ಎಂದು ದಲಿತನಿಗೆ ಅನ್ನಿಸಿದರೆ ಅದು ತಪ್ಪಲ್ಲ. ಆದರೆ ಯಂತ್ರ ಬರಿಗೈಯಲ್ಲಿ ಬರುವುದಿಲ್ಲ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು, ಶ್ಯಾನುಭೋಗಿಕೆಯ ಕೊನೆಯ ಗತ್ತು ಮುರಿಯಿತು ಎಂದು ಎಲ್ಲರೂ ಸಂತೋಷಪಟ್ಟರು, ನಾವೂ ಪಟ್ಟೆವು. ಹೋದದ್ದು ಕಾಗದದಲ್ಲಿ ಇದ್ದದ್ದು ಮಾತ್ರ. ಇಪ್ಪತ್ತು ವರ್ಷ ಉತ್ತು ಬಿತ್ತಿದರೂ ಸಾಗುವಳಿ ಕಾಲಂನಲ್ಲಿ ಹೆಸರಿರದಿದ್ದವನು ಮೊದಲು ಶ್ಯಾನುಭೋಗರ ಪುಸ್ತಕದ ಹೊರಗಿದ್ದ, ಆಮೇಲೆ ಕಂಪ್ಯೂಟರಿನ ಹೊರಗೆ ಉಳಿದ. ಮೊದಲಿನದು ಊರ ಅನ್ಯಾಯವೆಂದು ಎಲ್ಲರಿಗೂ ಗೊತ್ತಿತ್ತು. ಎರಡನೆಯದಕ್ಕೆ ದಾಖಲೆ ಎಂದು ಹೆಸರಾಯಿತು.

ಕೃಷ್ಣಾ ನದಿಯ ಆಚೆ ತೆಲಂಗಾಣ. ನಮ್ಮ ಬೀಗರೂ ದುಡಿಯಲು ಹೋದವರೂ ಅಲ್ಲಿದ್ದಾರೆ. ಅಲ್ಲಿ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಮನೆಮನೆಯ ಹತ್ತಾರು ದಾಖಲೆಗಳನ್ನು ಹೆಸರಿನಿಂದ ತಾಳೆ ಹಾಕಿ ಯಾರು ಬಡವರು ಯಾರಲ್ಲ ಎಂದು ಹೇಳುತ್ತದೆ. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ ಹದಿನೆಂಟು ಲಕ್ಷಕ್ಕೂ ಮೇಲೆ ರೇಷನ್ ಕಾರ್ಡು ರದ್ದಾದವು. ನೋಟಿಸು ಇಲ್ಲದೆ. ಅದೆಲ್ಲವೂ ಯಂತ್ರದ ಕೆಲಸ ಎನ್ನಲಾರೆ, ಆದರೆ ರಿಕ್ಷಾ ಎಳೆಯುವವನ ಮನೆಯನ್ನು ಕಾರಿನ ಮಾಲೀಕನ ಮನೆಯೆಂದು ಅದು ತಿಳಿದ ಪ್ರಸಂಗ ಪತ್ರಿಕೆಗಳಲ್ಲಿ ಬಂದಿದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರದ್ದಾದ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು ಹೇಳಬೇಕಾಯಿತು. ಮನೆಗೆ ಹೋಗಿ ನೋಡಬೇಕು ಎಂಬ ಇಷ್ಟು ಸಾದಾ ಮಾತನ್ನು ಹೇಳಲಿಕ್ಕೆ ದೇಶದ ಅತಿ ದೊಡ್ಡ ಕೋರ್ಟು ಬೇಕಾಯಿತು ನೋಡಿ.

ಹಾಗಾದರೆ ನಾವು ನ್ಯೂಯಾರ್ಕಿನ ಆಡಿಟರ್‌ಗಳನ್ನು ಕರೆಸಬೇಕೇ? ಬೇಕಾಗಿಲ್ಲ. ಆಡಿಟ್ ಎಂಬುದನ್ನು ಊರ ಮಧ್ಯೆ ಕೂತು ಮಾಡುವ ವಿದ್ಯೆ ಈ ನೆಲದ್ದೇ. 1994ರ ಡಿಸೆಂಬರಿನಲ್ಲಿ ರಾಜಸ್ತಾನದ ಕೋಟ್ ಕಿರಾನಾದಲ್ಲಿ ಕೂಲಿಕಾರರೇ ಮಸ್ಟರ್ ರೋಲನ್ನು ಬಯಲಲ್ಲಿ ಓದಿಸಿ ಸತ್ತವರ ಹೆಸರಿನಲ್ಲಿ ಪಗಾರ ಎತ್ತಿದ್ದನ್ನು ಹಿಡಿದರು. 2005ರ ಖಾತ್ರಿ ಕಾಯ್ದೆಯ 17ನೇ ಕಲಮಿನ ಸಾಮಾಜಿಕ ಪರಿಶೋಧನೆ ಬಂದದ್ದು ಆ ದಾರಿಯಿಂದ. ಗಟ್ಟಿಯಾಗಿ ಓದುವುದು, ಹೆಸರಿನವರು ಎದ್ದು ನಿಂತು ಹೌದು ಅಥವಾ ಸುಳ್ಳು ಅನ್ನುವುದು: ನನ್ನ ಮಟ್ಟಿಗೆ ಇದು ವಿಮರ್ಶೆಯ ಬಹಳ ಹಳೆಯ ಹಾಗೂ ಬಹಳ ಒಳ್ಳೆಯ ಕ್ರಮ. ನಮ್ಮ ವಿಮರ್ಶೆ ಈ ಮಸ್ಟರ್ ರೋಲನ್ನು ಪಠ್ಯವೆಂದು ಒಪ್ಪಲಿಲ್ಲ ಎಂಬುದು ನನ್ನ ತಕರಾರು. ಒಂದೊಂದು ಆತ್ಮಕಥನಕ್ಕೆ ಹತ್ತು ವಿಚಾರ ಸಂಕಿರಣ ಮಾಡಿದೆವು. ಆತ್ಮಕಥನ ಬರೆಯಲಾರದವಳ ಆರು ದಿನದ ಚರಿತ್ರೆ ಬರೆದಿಟ್ಟ ಕಾಗದ ಸಂಕಿರಣದ ಹೊರಗೆ ಉಳಿಯಿತು.

ಈ ಅಭಿಮಾನದಲ್ಲೇ ನಾನು ನಾಲ್ಕು ಹುಡುಗರನ್ನು ಕಟ್ಟಿಕೊಂಡು ಮಾನವಿ ತಾಲ್ಲೂಕಿನ ಒಂದು ಪಂಚಾಯತಿಯ ಪರಿಶೋಧನಾ ಗ್ರಾಮಸಭೆಗೆ ಹೋದೆ. ಕಾಲುವೆಯ ಕೊನೆಯ ಊರು, ನೀರು ಬಂದರೆ ಭತ್ತ, ಇಲ್ಲದಿದ್ದರೆ ಬೆಂಗಳೂರು ಪುಣೆಗಳ ಬಸ್ಸು. ಸಭೆ ಗುಡಿಯ ಮುಂದೆ ಸೇರಿತ್ತು. ಕೇರಿಯವರು ದೂರದ ಬೇವಿನ ಗಿಡದ ಕೆಳಗೆ. ಮೈಕು ಗುಡಿಯ ಹತ್ತಿರ. ಇದನ್ನೂ ಒಬ್ಬ ಆಡಿಟರ್ ಬರೆದುಕೊಳ್ಳಬೇಕಲ್ಲವೇ ಎಂದು ಒಬ್ಬ ಹುಡುಗ ನನ್ನ ಕಿವಿಯಲ್ಲಿ ಹೇಳಿದ. ಹೆಸರುಗಳನ್ನು ಓದಿದರು. ದುಡಿಯದೆ ಪಗಾರ ತಗೊಂಡವರ ಎರಡು ಹೆಸರು ಸಿಕ್ಕವು, ಗದ್ದಲವಾಯಿತು. ಆಮೇಲೆ ಬೇವಿನ ಗಿಡದ ಕಡೆಯಿಂದ ಒಬ್ಬಾಕೆ ಎದ್ದು, 'ದುಡೀಲಾರ್ದವರ ಹೆಸರು ಓದಿದ್ರಿ. ದುಡಿದ ಹೆಸರು ಬರ್ಲಾರ್ದವರ್ನ ಎಲ್ಲಿ ಓದ್ತೀರಿ?' ಅಂದಳು.

ಸಭೆ ಸುಮ್ಮನಾಯಿತು. ಯಾಕೆಂದರೆ ಓದಲಿಕ್ಕೆ ಅಂಥ ಪಟ್ಟಿಯೇ ಇಲ್ಲ. ಯಂತ್ರಕ್ಕೆ ಹಾಜರು ಗೊತ್ತು, ಗೈರು ಗೊತ್ತು. 'ಬಂದಿದ್ದಳು, ಫೋಟೋ ಹೋಗಲಿಲ್ಲ' ಎಂಬ ಮೂರನೆಯ ಕಾಲಂ ಆ ಪಟ್ಟಿಯಲ್ಲಿಲ್ಲ. ಸುಳ್ಳು ಹಾಜರಿಯನ್ನು ಗ್ರಾಮಸಭೆ ಹಿಡಿಯಬಲ್ಲದು, ಅದರ ಗುರುತು ಕಾಗದದಲ್ಲಿ ಉಳಿದಿರುತ್ತದೆ. ಸುಳ್ಳು ಗೈರು ಯಾವ ಗುರುತನ್ನೂ ಬಿಡುವುದಿಲ್ಲ. ಸಾಮಾಜಿಕ ಪರಿಶೋಧನೆ ಹುಟ್ಟಿದ್ದು ಮೊದಲನೆಯ ಕಾಲದ ಕಳ್ಳತನಕ್ಕೆ. ಎರಡನೆಯದಕ್ಕೆ ಅದು ಇನ್ನೂ ಕೈ ಬೆಳೆಸಿಕೊಂಡಿಲ್ಲ. ಪಂಚಾಯತಿಯೊಂದು ಯಂತ್ರಕ್ಕೆ ನಿಯಮ ಮಾಡುವುದಾದರೆ ಶುರು ಮಾಡಬೇಕಾದ ಜಾಗ ಇದು ಎಂದು ನನಗನ್ನಿಸುತ್ತದೆ. ಕಾಯಕ ಬಂಧುವಿನ ಹತ್ತಿರ ಒಂದು ನೂರು ಪುಟದ ನೋಟುಬುಕ್ಕು ಇರಲಿ, ತಿರಸ್ಕಾರವಾದ ಪ್ರತಿ ಹೆಸರೂ ಅವತ್ತೇ ಅದರಲ್ಲಿ ಬೀಳಲಿ, ಕಾರಣ ಕನ್ನಡದಲ್ಲಿರಲಿ, ಜಾತಿ ಮತ್ತು ಹೆಣ್ಣು ಗಂಡಿನ ಲೆಕ್ಕದೊಡನೆ ಅದು ಗ್ರಾಮಸಭೆಯ ಮುಂದೆ ಬರಲಿ. ಇದಕ್ಕೆ ದೊಡ್ಡ ವಿಜ್ಞಾನಿ ಬೇಡ.

ಆದರೆ ಹೊತ್ತು ಹೆಚ್ಚಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಖಾತ್ರಿ ಕಾಯ್ದೆಯ ಜಾಗಕ್ಕೆ 125 ದಿನದ ಹೊಸ ಕಾಯ್ದೆಯನ್ನು ಪಾಸು ಮಾಡಿತು. ಅದರಲ್ಲಿ ಬಯೋಮೆಟ್ರಿಕ್ ಗುರುತು, ಯೋಜನೆಗೂ ಆಡಿಟ್ಟಿಗೂ ಮೋಸದ ಪತ್ತೆಗೂ ಕೃತಕ ಬುದ್ಧಿಮತ್ತೆ ಎಂದು ಬರೆದಿದೆ. ಸಾಮಾಜಿಕ ಪರಿಶೋಧನೆಯನ್ನೂ ಇಟ್ಟುಕೊಂಡಿದೆ. ಯಂತ್ರ ಕೂಲಿಕಾರಳನ್ನು ಆಡಿಟ್ ಮಾಡುತ್ತದೆ. ಯಂತ್ರವನ್ನು ಆಡಿಟ್ ಮಾಡುವವರಾರು ಎಂಬುದು ಖಾಲಿ. ಇನ್ನೊಂದು ಕಡೆಯಿಂದ 2023ರ ಖಾಸಗಿ ದತ್ತಾಂಶ ರಕ್ಷಣೆಯ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ಕೊಡದಿರಬಹುದು ಎಂಬಂತೆ ಮಾಡಿದೆ. ನಾಳೆ ಹೆಸರು ಓದುವುದೇ ತಪ್ಪು ಎಂದು ಯಾರಾದರೂ ಅಧಿಕಾರಿ ಎದ್ದು ನಿಂತರೆ ಕೋಟ್ ಕಿರಾನಾದ ವಿದ್ಯೆಯೂ ಕೈಬಿಟ್ಟು ಹೋಗುತ್ತದೆ. ನಮ್ಮ ಸಣ್ಣವ್ವನ ಖಾಸಗಿತನವನ್ನು ಕಾಯುವ ಹೆಸರಿನಲ್ಲಿ ಆಕೆಯ ಪಗಾರದ ದಾಖಲೆ ಆಕೆಯ ಊರಿಗೇ ಮುಚ್ಚಿಹೋಗುವುದು.

ಮಾನವಿಯ ಆ ಸಭೆ ಮುಗಿಯುವ ಹೊತ್ತಿಗೆ ನಡಾವಳಿ ಪುಸ್ತಕದಲ್ಲಿ ಏನು ಬರೆದರೆಂದು ಆ ಹೆಂಗಸು ನನ್ನನ್ನೇ ಓದಲು ಹಚ್ಚಿದಳು. 'ತಾಂತ್ರಿಕ ಕಾರಣಗಳಿಂದ ಕೆಲವು ಕೂಲಿಕಾರರ ಹಾಜರಾತಿ ದಾಖಲಾಗದಿರುವ ಬಗ್ಗೆ ಚರ್ಚಿಸಲಾಯಿತು' ಎಂದಿತ್ತು. 'ಕೆಲವು ಅಂದ್ರ ಯಾರ್ರೀ? ನನ್ ಹೆಸರು ಹಾಕ್ರಿ, ತಾರೀಕು ಹಾಕ್ರಿ' ಅಂದಳು. ಬರೆಯುತ್ತಿದ್ದವರು ಪೆನ್ನಿನ ಟೋಪಿ ಹಾಕಿ ಜೇಬಿಗಿಟ್ಟಿದ್ದರು. ಆಕೆ ಅಲ್ಲಿಂದ ಕದಲಲಿಲ್ಲ. ಬೇವಿನ ಗಿಡದ ಕೆಳಗಿನಿಂದ ಇನ್ನೂ ಐದಾರು ಮಂದಿ ಎದ್ದು ಬಂದು ಮೇಜಿನ ಸುತ್ತ ನಿಂತರು. ಅವರು ಮತ್ತೆ ಪೆನ್ನು ತೆಗೆದರು.